ಟಾಕಿಗೆ ಶಾಲು ಹೊಚ್ಚಿದ ಬೇಸಿಗೆ

ಹೋದ ಭಾನುವಾರ ಊಟ ಮುಗಿಸಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತು ಫೋನು ತೆಗೆದೆ. ಭಾನುವಾರದ ಆ ಹೊತ್ತು ದ್ಯಾಮಕ್ಕನ ಹೊತ್ತು. ಬೆಟಗೇರಿಯ ನಮ್ಮ ಓಣಿಯವರಿಗೆಲ್ಲ ಇದು ಗೊತ್ತು, ಆಗ ಯಾರೂ ನನ್ನ ಬಾಗಿಲು ಬಡಿಯುವುದಿಲ್ಲ. ‘ಕಟ್ಟೀ ಮ್ಯಾಲಿನ ದ್ಯಾಮಕ್ಕ’ ಶುರುವಾಗಿ ಇಪ್ಪತ್ತೈದು ವರ್ಷ ದಾಟಿತು. ಮೊದಲು ಮುಂಡರಗಿಯ ಕೇಬಲ್ ಟಿವಿಯಲ್ಲಿ ಬರುತ್ತಿದ್ದ ಈ ಕಾರ್ಟೂನು ಈಗ ಲಕ್ಷ್ಮೇಶ್ವರದಲ್ಲಿ ಕಂಪ್ಯೂಟರಿನ ಮೇಲೆ ತಯಾರಾಗಿ ಎಲ್ಲರ ಫೋನಿಗೂ ಬರುತ್ತದೆ. ಮಾಡುವವರು ಬದಲಾದರು, ಬಣ್ಣ ಬದಲಾಯಿತು. ದ್ಯಾಮಕ್ಕ ಮಾತ್ರ ಅದೇ ಕಟ್ಟೆಯ ಮೇಲೆ, ಅದೇ ಖಾಲಿ ಕೊಡ ಪಕ್ಕಕ್ಕಿಟ್ಟುಕೊಂಡು, ಎಲೆ ಅಡಿಕೆ ಜಗಿಯುತ್ತ, ಊರಿನ ದೊಡ್ಡವರ ಸಣ್ಣತನವನ್ನು ಎತ್ತಿ ಆಡುತ್ತ ಕೂತಿರುತ್ತಾಳೆ.

ಹೊಸ ಕಂತು ಚಲೋ ಶುರುವಾಯಿತು. ಒಂದೂರಿನ ಬಸ್ ನಿಲ್ದಾಣದಲ್ಲಿ ಹೆಂಗಸರಿಗೆಂದು ಶೌಚಾಲಯ ಕಟ್ಟಿದ್ದಾರೆ. ಉದ್ಘಾಟನೆಯ ಕಲ್ಲು ಬಾಗಿಲಿಗಿಂತ ದೊಡ್ಡದು, ಬಾಗಿಲಿಗೆ ಬೀಗ. ದ್ಯಾಮಕ್ಕ ಕಲ್ಲಿನ ಮುಂದೆ ನಿಂತು ಅದರ ಮೇಲಿನ ಹೆಸರುಗಳನ್ನೆಲ್ಲ ಯಾರಿಂದಲೋ ಓದಿಸಿಕೊಂಡು, “ಅಲ್ರಪಾ, ಇಷ್ಟ ಮಂದಿ ಹೆಸರು ಕುಂಡ್ರಸಾಕ ಜಾಗಾ ಸಿಕ್ಕೈತಿ, ನಮಗ ಒಂದ ಗಳಿಗಿ ಕುಂಡ್ರಾಕ ಜಾಗಾ ಇಲ್ಲಲ್ರೋ!” ಎಂದಳು. ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಬಸ್ಸಿಗಾಗಿ ಕಾಯುತ್ತ ಹೊಟ್ಟೆ ಹಿಡಿದುಕೊಂಡು ನಿಂತ ಯಾವ ಹೆಂಗಸಿಗೆ ಆ ಮಾತು ತಟ್ಟದೆ ಇದ್ದೀತು?

ನನ್ನ ನಗು ಇನ್ನೂ ಮುಗಿದಿರಲಿಲ್ಲ. ದ್ಯಾಮಕ್ಕ ನಮ್ಮ ಕಡೆ ತಿರುಗಿ, ಎರಡೂ ಕೈ ಜೋಡಿಸಿ, “ನಮ್ಮ ಮಾತುಗಳಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ದಯವಿಟ್ಟು ಕ್ಷಮೆ ಇರಲಿ” ಎಂದುಬಿಟ್ಟಳು.

ಯವ್ವಾ ನನ ತಾಯಿ! ದ್ಯಾಮಕ್ಕ ಕೈ ಮುಗಿಯುವುದೆ? ಅದೂ ಇಂಥ ಪುಸ್ತಕದ ಭಾಷೆಯಲ್ಲಿ? ಶಾಲೆಯ ಮೆಟ್ಟಿಲು ಹತ್ತದವಳು ‘ದಯವಿಟ್ಟು’ ಎಂಬುದನ್ನು ಯಾವ ಸಂತೆಯಲ್ಲಿ ಕೊಂಡು ತಂದಳು? ನನಗೆ ಮೈಯೆಲ್ಲ ಉರಿಯಿತು. ಲಕ್ಷ್ಮೇಶ್ವರಕ್ಕೆ, ಕವಿತಾಗೆ ಫೋನು ಹಚ್ಚಿದೆ. ಈಗ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕಾರ್ಟೂನು ಮಾಡುವವಳೂ ಅವಳೇ, ದ್ಯಾಮಕ್ಕನ ದನಿಯೂ ಅವಳದೇ. ಅವಳಪ್ಪ ಫಕ್ಕೀರಪ್ಪ ಇದನ್ನು ಹುಟ್ಟಿಸಿದ ಮೂವರಲ್ಲಿ ಒಬ್ಬ. ಉಳಿದಿಬ್ಬರಲ್ಲಿ ಒಬ್ಬಳು ನಾನು.

“ಕವಿತಾ, ಕೈ ಮುಗದಾಕಿ ಯಾರ ಅಕಿ? ನನಗ ಪರಿಚಯ ಇಲ್ಲ ನೋಡು,” ಎಂದೆ.

“ಅತ್ತಿ, ಸಿಟ್ಟಾಗಬ್ಯಾಡ್ರಿ,” ಎಂದಳು. ದನಿ ಸೋತಿತ್ತು. “ಶುಕ್ರವಾರ ಒಂದು ತುಣುಕು ಹಾಕಿದ್ನ್ರಿ, ಕಲ್ಲಿಂದು. ಅದನ್ನ ನೋಡಿ ನಾಕ್ ಮಂದಿ ಅಂಗಡಿಗೆ ಬಂದು ಒದರ್ಯಾಡಿ ಹೋದ್ರು. ಕೇಸ್ ಹಾಕ್ತೀವಿ ಅಂದ್ರು. ಒಂದ್ ಮಾತು ತಪ್ಪಾತು ಅಂದ್ರ ನಂದೇನ ಗಂಟ ಹೊಕ್ಕೈತಿ ಅಂತ ಅಂದಬಿಟ್ಟೆ. ಇನ್ನ ಮ್ಯಾಲೆ ದ್ಯಾಮಕ್ಕನ ಕೈಲೆ ಬರೇ ಅಡಿಗಿ, ಹಬ್ಬ, ಇಂಥಾವಷ್ಟ ಹೇಳಸ್ತೀನ್ರಿ. ಸಾಕಾಗೈತಿ ನನಗ.”

“ಅಡಿಗಿ?” ಎಂದೆ. “ದ್ಯಾಮಕ್ಕಗ ಅಡಿಗಿ ಬರಂಗಿಲ್ಲ. ಏನೂ ಮಾಡಬ್ಯಾಡ. ನಾ ನಾಳೆ ಬರ್ತೀನಿ.”

ಫೋನು ಇಟ್ಟವಳೇ ಟ್ರಂಕು ತೆಗೆದೆ. ತಳದಲ್ಲಿ, ಒಣಗಿದ ಬೇವಿನೆಲೆಗಳ ನಡುವೆ, ಕೆಂಪು ದಡಿಯ ಹಸಿರು ಖಣ ಇತ್ತು. ನಮ್ಮ ಕಡೆ ಕುಪ್ಪಸದ ಬಟ್ಟೆಗೆ ಖಣ ಎನ್ನುತ್ತೇವೆ. ಕೈಗೆ ಬಂದ ದಿನದಿಂದ ಹೊಲಿಸದೆ ಹಾಗೇ ಇಟ್ಟಿದ್ದೆ. ಮಡಿಕೆ ಬಿಚ್ಚಿದೊಡನೆ ಬೇವಿನ ಒಣ ಕಹಿ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಮುಂಡರಗಿಯ ಆ ಬೇಸಿಗೆ ಎದ್ದು ಬಂತು.

ಗದಗ ಹೊಸ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು. ಧಾರವಾಡಕ್ಕೆ ಅಲೆಯುವುದು ತಪ್ಪಿತು, ಇನ್ನು ಎಲ್ಲ ಮನೆ ಬಾಗಿಲಿಗೇ ಬರುತ್ತದೆ ಎಂದು ಜನ ಹಿಗ್ಗಿದ್ದರು. “ಜಿಲ್ಲಾ ಆತಲ್ಲ, ಇನ್ನೇನು” ಎಂಬುದು ಚಹಾದಂಗಡಿಯಲ್ಲಿ ಎಲ್ಲ ಮಾತಿನ ಬಾಲಕ್ಕೂ ಅಂಟಿಕೊಂಡಿತ್ತು. ನಮಗೆ ಮಾತ್ರ ಮನೆ ಬಾಗಿಲಿಗೆ ಬಂದದ್ದು ಕಪ್ಪತಗುಡ್ಡದ ಕಡೆಯ ಬಿಸಿಗಾಳಿ. ತುಂಗಭದ್ರೆ ಅಷ್ಟು ಹತ್ತಿರ ಹರಿಯುತ್ತಾಳೆ, ನಮ್ಮ ಓಣಿಯ ನಲ್ಲಿ ತಿರುವಿದರೆ ಸುಯ್ಯೆಂದು ಗಾಳಿ ಬಿಡುತ್ತಿತ್ತು. ಹೆಂಗಸರು ಕೊಡಗಳನ್ನು ಪಾಳಿಗಿಟ್ಟು ಮನೆಗೆ ಹೋಗಿ ರೊಟ್ಟಿ ಬಡಿದು ಬರುತ್ತಿದ್ದರು, ಕೊಡಗಳು ಇಟ್ಟಲ್ಲೇ ಇರುತ್ತಿದ್ದವು.

ನಾನಾಗ ಮುಂಡರಗಿ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವ ಕೆಲಸದಲ್ಲಿದ್ದೆ. ನಿಲ್ದಾಣದ ಪ್ರಕಟಣೆಯನ್ನು ಈರಣ್ಣ ಎಂಬುವರು ಗುತ್ತಿಗೆಗೆ ಹಿಡಿದಿದ್ದರು. ಬಸ್ಸಿನ ಸುದ್ದಿಯ ನಡುನಡುವೆ ಬಟ್ಟೆ ಅಂಗಡಿ, ಬೀಜ ಗೊಬ್ಬರದ ಅಂಗಡಿಗಳ ಜಾಹೀರಾತು ಹೇಳಬೇಕು, ಅದರಿಂದ ಅವರಿಗೆ ಗಳಿಕೆ. ಗಾಜಿನ ಸಣ್ಣ ಕೋಣೆ, ಒಂದು ಮೈಕು, ತಿರುಗದ ಫ್ಯಾನು. “ಪ್ರಯಾಣಿಕರ ಗಮನಕ್ಕೆ. ಗದಗ ಮಾರ್ಗವಾಗಿ ಹುಬ್ಬಳ್ಳಿಗೆ ತೆರಳುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿರುತ್ತದೆ” ಎಂದು ನಾನು ತೊಳೆದಿಟ್ಟ ಬೆಳ್ಳಿ ಬಟ್ಟಲಿನಂಥ ಕನ್ನಡದಲ್ಲಿ ಹೇಳುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವ, ಆಯಿ, ನಾನು, ಮೂವರ ಹೊಟ್ಟೆಯೂ ಆ ಮೈಕಿನಿಂದ ತುಂಬಬೇಕಿತ್ತು.

ಆಯಿ, ಅಂದರೆ ನನ್ನ ಅವ್ವನ ಅವ್ವ ನೀಲವ್ವ, ಮಲ್ಲಸಮುದ್ರದವಳು. ಬೀಗರ ಹಾಡಿನಲ್ಲಿ ಅವಳ ಸರಿಸಮ ಯಾರೂ ಇರಲಿಲ್ಲ. ಮದುವೆಯಲ್ಲಿ ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲಿ ಹಂಗಿಸುವ ಪದ್ಧತಿ ನಮ್ಮಲ್ಲಿ ಉಂಟಲ್ಲ, ಆಯಿ ಅದಕ್ಕೆ ಕೂತಳೆಂದರೆ ಬೀಗರು ಎಲೆಯಿಂದ ಕೈ ಎತ್ತಿಬಿಡುತ್ತಿದ್ದರು.

ಬೀಗಣ್ಣ ಬಂದಾನ ಮೀಸಿ ತಿರುವಿಕೊಂತ
ಮೀಸ್ಯಾಗ ಮೊಸರು ಹತ್ತೈತಿ, ನಮ ಬೆಕ್ಕು
ವಾಸನಿ ಹಿಡಿದು ಬಂದೈತಿ

ಹಾಡಿಗೆ ಒಂದು ಕಟ್ಟಳೆ ಇತ್ತು. ಹಾಡಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ನಕ್ಕು, ಹಾಡಿದವಳಿಗೆ ಖಣ ಕೊಡಬೇಕು. “ಹಾಡಿದಾಕಿ ಮಾತ್ರ ತಪ್ಪಾತು ಅನಬಾರದವ್ವ,” ಎಂದು ಆಯಿ ಹೇಳುತ್ತಿದ್ದಳು. “ಅಂದ್ರ ಹಾಡು ಹೋಗಿ ಬೈಗಳ ಆಕೈತಿ. ಎರಡೂ ಮನಿಗೆ ಚಲೋದಲ್ಲ.” ಆ ವರ್ಷವೇ ಮಾಘದಲ್ಲಿ ಊರ ಸಾಹುಕಾರರ ಮಗಳ ಮದುವೆಯಾಯಿತು. ಬೀಗರನ್ನು ಹಾಡಲು ಆಯಿಯನ್ನೇ ಕರೆದಿದ್ದರು. ಬೀಗರ ಮೋರೆ ಕೆಂಪಾಗುವಂತೆ ಆಯಿ ಹಾಡಿದಳು, ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬೀಗರು ಖಣ ಕೊಟ್ಟರು. ಆ ಮದುವೆಯ ಕರೆಯೋಲೆಯನ್ನು ಹೇಳಲೇಬೇಕು. ಹಲಗೆಯಷ್ಟು ದಪ್ಪ ರಟ್ಟು, ಅದರ ಮೇಲೆ ಗರಿ ಬಿಚ್ಚಿದ ಬಂಗಾರದ ನವಿಲು. ಮದುವೆ ಮುಗಿದರೂ ಯಾರೂ ಅದನ್ನು ಎಸೆಯಲಿಲ್ಲ, ಎಲ್ಲರ ಮನೆಯಲ್ಲೂ ಕನ್ನಡಿಯ ಹಿಂದೆ ಆ ನವಿಲು ನಿಂತಿರುತ್ತಿತ್ತು.

ಬಸ್ ನಿಲ್ದಾಣದ ಹಿಂದೆ ಮೌಲಾಸಾಬನ ವಿಡಿಯೋ ಅಂಗಡಿ. ಮದುವೆ ಸೀಸನ್ ಮುಗಿದರೆ ಅವನ ಕ್ಯಾಮೆರಾಕ್ಕೆ ಕೆಲಸವಿಲ್ಲ. ಪಕ್ಕದಲ್ಲಿ ಬೋರ್ಡು ಬರೆಯುವ ಫಕ್ಕೀರಪ್ಪ. ಅವನ ಕುಂಚಕ್ಕೂ ಬೇಸಿಗೆಯಲ್ಲಿ ಅಷ್ಟಕ್ಕಷ್ಟೇ. ಒಂದು ದಿನ ಮಧ್ಯಾಹ್ನ ನಾನು ಬುತ್ತಿ ಉಣ್ಣಲು ಅಲ್ಲಿಗೆ ಹೋಗಿದ್ದಾಗ ಆಯಿಯ ಹಾಗೆ ದನಿ ಒಡೆದು ನಲ್ಲಿಯನ್ನು ಬೈದೆ. ಫಕ್ಕೀರಪ್ಪ ಕೈಯಲ್ಲಿದ್ದ ರಟ್ಟಿನ ಮೇಲೆ ಒಬ್ಬ ಮುದುಕಿಯನ್ನು ಬರೆದು, ಕತ್ತರಿಸಿ, ಕಸಬರಿಗೆ ಕಡ್ಡಿಗೆ ಅಂಟಿಸಿ ಕುಣಿಸಿದ. ಮೌಲಾಸಾಬ ಕ್ಯಾಮೆರಾ ತೆಗೆದ. ದ್ಯಾಮಕ್ಕ ಹುಟ್ಟಿದ್ದು ಹೀಗೆ, ರೊಟ್ಟಿ ಪಲ್ಲೆಯ ನಡುವೆ. ರಟ್ಟು ಎಂದರೆ ಹಳೆಯ ಲಗ್ನದ ಕರೆಯೋಲೆಗಳು. ಮೌಲಾಸಾಬನ ಅಂಗಡಿಯಲ್ಲಿ ಅವಕ್ಕೇನು ಬರಗಾಲ!

ಕೇಬಲ್ಲಿನವನು ಭಾನುವಾರ ಊಟದ ಹೊತ್ತಿಗೆ ಅದನ್ನು ಹಾಕತೊಡಗಿದ. ಎರಡು ವಾರದಲ್ಲಿ ಊರಿಗೆ ಹುಚ್ಚು ಹಿಡಿಯಿತು. ಟಿವಿ ಇದ್ದ ಮನೆಯ ಪಡಸಾಲೆಗಳು ತುಂಬಿದವು. ದನಿ ಯಾರದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಈರಣ್ಣ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರು, ಅವ್ವ ನನ್ನ ಲಗ್ನದ ಚಿಂತೆಯಲ್ಲಿ ಹಾಸಿಗೆ ಹಿಡಿಯುತ್ತಿದ್ದಳು. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಒಂದಿಲ್ಲೊಂದಿನ ಗೊತ್ತಾಕೈತಿ ತಂಗಿ,” ಎಂದು ಮೌಲಾಸಾಬ ಹೆದರಿಸುತ್ತಿದ್ದ. “ಮೊದಲ ನೀರ ಬರಲಿ ಅಣ್ಣ, ಆಮ್ಯಾಲೆ ನೋಡೂಣು,” ಎನ್ನುತ್ತಿದ್ದೆ.

ಅಷ್ಟರಲ್ಲಿ ಟಾಕಿಯ ಉದ್ಘಾಟನೆ ಬಂತು. ಊರ ತಲೆಯ ಮೇಲೆ ದೊಡ್ಡ ನೀರಿನ ಟಾಕಿ ಕಟ್ಟಿದ್ದರು. ಸಾಹುಕಾರರೇ ಮುಂದೆ ನಿಂತು ಮಾಡಿಸಿದ್ದು. ಪೆಂಡಾಲು, ಬ್ಯಾಂಡು, ಭಾಷಣ. ಎಲ್ಲರಿಗೂ ಶಾಲು ಹೊಚ್ಚಿ ಆದಮೇಲೆ ಒಂದು ಶಾಲು ಉಳಿಯಿತೋ, ಯಾರ ತಲೆಯಲ್ಲಿ ಏನು ಬಂತೋ, ಟಾಕಿಯ ಕಾಲಿಗೂ ಒಂದು ಶಾಲು ಸುತ್ತಿ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಬಿಸಿಲಿನಲ್ಲಿ ಕೊಡ ಹಿಡಿದು ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ಸಾಹುಕಾರರು ನಲ್ಲಿ ತಿರುವಿದರು. ಸುಯ್ಯೆಂದು ಗಾಳಿ ಬಂತು.

ಇಂಥದ್ದು ಸಿಕ್ಕರೆ ದ್ಯಾಮಕ್ಕ ಬಿಟ್ಟಾಳೆಯೇ? ಆ ಭಾನುವಾರದ ಕಂತಿನಲ್ಲಿ ‘ಶಾಲಪ್ಪ’ ಎಂಬ ದೊಡ್ಡ ಮನುಷ್ಯ ಬಂದು ಟಾಕಿಗೆ ಶಾಲು ಹೊಚ್ಚಿದ. ದ್ಯಾಮಕ್ಕ ಕೇಳಿದಳು: “ಯಪ್ಪಾ, ಇಂಥಾ ಬಿಸಲಾಗ ಟಾಕಿಗೆ ಶಾಲು ಯಾಕ? ಬೆವರ್ಲಿ ಅಂತೇನು? ಬೆವರಿದ್ರ ಒಂದ್ ತಂಬಗಿ ನಮಗೂ ಕೊಡ್ರಿ ಮತ್ತ!”

ಇಷ್ಟಕ್ಕೆ ಮುಗಿದಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಶಾಲಪ್ಪ ಯಾರಾದರೂ ಆಗಬಹುದಿತ್ತು, ಶಾಲು ಹೊಚ್ಚಿಸಿಕೊಳ್ಳುವವರಿಗೆ ನಮ್ಮಲ್ಲೇನು ಕೊರತೆ? ಆದರೆ ಕೊನೆಯಲ್ಲಿ ಶಾಲಪ್ಪ ನಾಚಿ ಬೆನ್ನು ತಿರುಗಿಸಿ ಹೋಗಬೇಕಿತ್ತು. ಫಕ್ಕೀರಪ್ಪ ಕಡ್ಡಿ ತಿರುವಿದ. ಶಾಲಪ್ಪನ ಬೆನ್ನ ಮೇಲೆ ಗರಿ ಬಿಚ್ಚಿದ ಬಂಗಾರದ ನವಿಲು ಫಳ್ಳೆಂದು ಹೊಳೆಯಿತು.

ಗಟ್ಟಿ ರಟ್ಟೆಂದು ಅದನ್ನೇ ಕತ್ತರಿಸಿದ್ದ ಪುಣ್ಯಾತ್ಮ! ಕ್ಯಾಮೆರಾದ ಸಣ್ಣ ಕಿಂಡಿಯಲ್ಲಿ ಮೌಲಾಸಾಬನ ಕಣ್ಣಿಗೂ ಅದು ಬೀಳಲಿಲ್ಲ. ಊರಿನ ಕಣ್ಣಿಗೆ ಬೀಳದೆ ಇದ್ದೀತೆ? ಮನೆಮನೆಯಲ್ಲೂ ಜನ ಎದ್ದು ಹೋಗಿ ಕನ್ನಡಿಯ ಹಿಂದಿನ ನವಿಲನ್ನು ತಂದು ಟಿವಿಯ ಪಕ್ಕ ಹಿಡಿದು ನೋಡಿದರಂತೆ. ಕುಂಬಳಕಾಯಿ ಕಳ್ಳ ತಾನೇ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು, ಇಲ್ಲಿ ನಾವೇ ಅವನ ಬೆನ್ನಿಗೆ ನವಿಲು ಕೂಡಿಸಿ ಕಳಿಸಿದ್ದೆವು.

ಮರುದಿನ ಬೆಳಿಗ್ಗೆಯೇ ಸಾಹುಕಾರರ ಮನುಷ್ಯರು ಕೇಬಲ್ಲಿನವನ ಮನೆಗೆ ಹೋದರು. ಅವನ ತಂತಿಗಳೆಲ್ಲ ಸಾಹುಕಾರರ ಕಟ್ಟಡಗಳ ಮೇಲೇ ಹಾದು ಹೋಗುತ್ತಿದ್ದವು. ಅವನು ಅಂದೇ ಕಾರ್ಟೂನು ನಿಲ್ಲಿಸುತ್ತೇನೆಂದು ಕೈ ಮುಗಿದ. ಸಾಹುಕಾರರಿಗೆ ಅಷ್ಟು ಸಾಕಾಗಲಿಲ್ಲ. ಊರಿನೆದುರು ತಪ್ಪಾಯಿತು ಎನ್ನಬೇಕು, ಅದೂ ಸಂತೆಯ ದಿನ, ಸುತ್ತಿನ ಹಳ್ಳಿಯವರೆಲ್ಲ ಕೇಳುವಂತೆ. ಸಂತೆಯ ದಿನ ಎಲ್ಲರೂ ಕೇಳುವ ಮೈಕು ಊರಿನಲ್ಲಿ ಒಂದೇ ಇತ್ತು. ಅದರ ಮುಂದೆ ನಾನು ಕೂತಿದ್ದೆ.

ಈರಣ್ಣ ಬಂದು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. ಪಾಪ, ಕೆಟ್ಟ ಮನುಷ್ಯರಲ್ಲ. ಬೆವರು ಒರೆಸಿಕೊಳ್ಳುತ್ತ, “ಶಾಂತಾ, ಸಾವಕಾರ್ರು ಒಂದು ಸುದ್ದಿ ಕೊಟ್ಟಾರವಾ. ಆ ದ್ಯಾಮಕ್ಕ ಅನ್ನಾಕಿ ಸುಳ್ಳ ಹೇಳ್ಯಾಳ, ತಪ್ಪಾತು ಅಂತ ಕೇಳ್ಯಾಳ, ಇನ್ನ ಮುಂದ ಆ ಕಾರ್ಟೂನು ಬರಂಗಿಲ್ಲ ಅಂತ. ಸಂತಿ ದಿನ ನೀ ಚಂದಂಗ ಹೇಳಬೇಕು. ನಿನ್ನ ಭಾಷಾ ಶುದ್ಧ ಐತಿ ಅಂತ ಸಾವಕಾರ್ರಽ ಅಂದ್ರು,” ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದ್ಯಾಮಕ್ಕನ ಪರವಾಗಿ ತಪ್ಪಾಯಿತೆನ್ನಲು ದ್ಯಾಮಕ್ಕನನ್ನೇ ಹುಡುಕಿದ್ದರು! “ಹೇಳದಿದ್ರ?” ಎಂದೆ.

“ಹೇಳದಿದ್ರ ಗುತ್ತಿಗಿ ಹೊಕ್ಕೈತಿ. ನಂದೂ ಹೊಕ್ಕೈತಿ, ನಿಂದೂ ಹೊಕ್ಕೈತಿ,” ಎಂದು ಅವರು ನೆಲ ನೋಡಿದರು.

ಮೌಲಾಸಾಬನ ಅಂಗಡಿಗೆ ಹೋದೆ. ಫಕ್ಕೀರಪ್ಪ ನವಿಲಿನ ಶಾಲಪ್ಪನನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದ. “ನಂದಽ ಹುಚ್ಚತನ. ಹೇಳಿಬಿಡು ತಂಗಿ, ನಿಮ್ಮವ್ವ ಆಯಿ ಹಸದು ಕುಂಡ್ರಬಾರದು,” ಎಂದ. ಮೌಲಾಸಾಬ ಬೇರೆಯೇ ಅಂದ: “ಹೇಳೋದು ಬಿಡೋದು ನಿನಗ ಬಿಟ್ಟದ್ದು. ಆದ್ರ ಒಂದ್ ಮಾತು. ಊರಾಗ ಯಾರೂ ನಮ್ಮನ್ನ ಬೈದಿಲ್ಲ ನೋಡು. ನೀರ ಹೊರೋ ಹೆಂಗಸ್ರು ಅಂಗಡಿ ಮುಂದ ಹಾದ ಹೋಗುವಾಗ ನಿಂತು ನಕ್ಕು ಹೊಕ್ಕಾರ.”

ಮನೆಯಲ್ಲಿ ಆಯಿಗೆ ಎಲ್ಲ ಹೇಳಿದೆ, ದನಿಯ ಗುಟ್ಟನ್ನೂ. ಅವಳು ಎಲೆಗೆ ಸುಣ್ಣ ಸವರುತ್ತ, “ನಾ ಏನ ಕಿವುಡಿ ಅದೀನೇನ? ಮೊದಲನೇ ದಿನಾನ ಗೊತ್ತಾತು. ನನ್ನ ದನಿ ನನಗ ಗೊತ್ತಾಗಂಗಿಲ್ಲ?” ಎಂದಳು. ಅವ್ವ ಒಲೆಯ ಮುಂದೆ ಅಳುತ್ತಿದ್ದಳು. ಆಯಿ ಅವಳ ಕಡೆ ನೋಡಲಿಲ್ಲ. “ಕೆಲಸಾ ಹೋದ್ರ ಮತ್ತೊಂದು ಸಿಗತೈತಿ. ಹಾಡಿ ತಪ್ಪಾತು ಅಂದ್ಯಂದ್ರ ನಮ್ಮ ಮನ್ಯಾಗ ಇನ್ನ ಯಾರೂ ಬಾಯಿ ತಗಿಯಂಗಿಲ್ಲ. ನಿನಗ ತಿಳದದ್ದು ಮಾಡು.” ಅಷ್ಟು ಹೇಳಿ ಎಲೆ ಬಾಯಿಗಿಟ್ಟುಕೊಂಡಳು.

ಸಂತೆಯ ದಿನ ನಿಲ್ದಾಣ ಕಿಕ್ಕಿರಿದಿತ್ತು. ಮೆಣಸಿನಕಾಯಿ ಚೀಲ, ಕೋಳಿ ಬುಟ್ಟಿ, ಉಳ್ಳಾಗಡ್ಡಿ, ಕೂಸುಗಳು. ಆ ಬಿಸಿಲಿನಲ್ಲೂ ಖಾಲಿ ಕೊಡ ಹಿಡಿದ ಹೆಂಗಸರು. ಸಂತೆಗೆ ಬಂದವರು ನಿಲ್ದಾಣದ ನಲ್ಲಿಯಲ್ಲಿ ಹನಿ ನೀರು ಸಿಕ್ಕೀತೆಂದು ಕೊಡ ತರುತ್ತಿದ್ದರು. ಗಾಜಿನ ಆಚೆ ಸಾಹುಕಾರರು ತಾವೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಈರಣ್ಣ ನಿಂತು ನನಗೆ ಕೈಸನ್ನೆ ಮಾಡಿದರು.

ನಾನು ಗುಂಡಿ ಒತ್ತಿದೆ. “ಪ್ರಯಾಣಿಕರ ಗಮನಕ್ಕೆ,” ಎಂದೆ. ನನ್ನ ಶುದ್ಧ ದನಿ ನಿಲ್ದಾಣದ ತುಂಬ ಹರಿಯಿತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಕುರ್ಚಿಯನ್ನು ನೋಡಿದೆ. ಅಷ್ಟು ಜನ ಹೆಂಗಸರು ನಿಂತಿರುವಲ್ಲಿ, ಕೂಸು ಎತ್ತಿಕೊಂಡವರೂ ನಿಂತಿರುವಲ್ಲಿ, ನನ್ನ ಬಾಯಿಂದ ತಪ್ಪಾಯಿತು ಎಂಬುದನ್ನು ಕೇಳಲೆಂದೇ ನೆರಳಿನಲ್ಲಿ ಹಾಕಿಸಿಕೊಂಡ ಕುರ್ಚಿ. ಹೆದರಿಕೆ ಎಲ್ಲಿ ಹೋಯಿತೋ. ಮುಂದಿನ ಮಾತು ಬಂದದ್ದು ದ್ಯಾಮಕ್ಕನ ದನಿಯಲ್ಲಿ.

“ಏನ್ರವಾ, ಎಲ್ಲಾರೂ ಆರಾಮದೀರಿ? ನಾನಽ, ದ್ಯಾಮಕ್ಕ. ಗದಗಿನ ಬಸ್ಸು ಎರಡನೇ ಕಟ್ಟಿಗೆ ನಿಂತೈತಿ, ಕೂಸು ಎತಗೊಂಡವ್ರು ಮೊದಲ ಹತ್ರಿ, ಗಂಡಸ್ರು ಸ್ವಲ್ಪ ಹಿಂದ ಸರೀರಿ. ಇನ್ನೊಂದ್ ಸುದ್ದಿ ಐತಿ. ನಾ ತಪ್ಪಾತು ಅನಬೇಕಂತ. ಅಂತೀನ್ರಪಾ, ನನಗೇನ ಸೊಕ್ಕಿಲ್ಲ. ಟಾಕಿಗೆ ನೀರ ಬರ್ಲಿ. ಬಂದ ದಿನ ಅದಽ ನೀರಾಗ ಮಾರಿ ತೊಳಕೊಂಡು, ಅದಽ ಟಾಕಿ ಮುಂದ ನಿಂತು ತಪ್ಪಾತು ಅಂತೀನಿ. ಅಲ್ಲೀತನಕ ಅದಕ್ಕ ಹೊಚ್ಚಿದ ಶಾಲು ತಗೀಬ್ಯಾಡ್ರಿ, ಖಾಲಿ ಹೊಟ್ಟಿಗೆ ಚಳಿ ಹತ್ತೀತು.”

ಒಬ್ಬ ಹೆಂಗಸು ತನ್ನ ಖಾಲಿ ಕೊಡವನ್ನು ಉಂಗುರದ ಬೆರಳಿನಿಂದ ಟಣ್ ಟಣ್ ಎಂದು ಬಡಿದಳು. ಇನ್ನೊಬ್ಬಳು ಬಡಿದಳು. ನೋಡುತ್ತಿದ್ದಂತೆ ನಿಲ್ದಾಣದ ಕೊಡಗಳೆಲ್ಲ ಮೊಳಗತೊಡಗಿದವು. ಹುಡುಗರು ಸೀಟಿ ಹೊಡೆದರು. ಗದಗಿನ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿ ಕೈ ಬಿಡಲೇ ಇಲ್ಲ. ಸಾಹುಕಾರರು ಎದ್ದು ಹೋದದ್ದನ್ನು ನಾನು ನೋಡಲಿಲ್ಲ, ಆಮೇಲೆ ನೋಡಿದಾಗ ಕುರ್ಚಿ ಖಾಲಿ ಇತ್ತು. ಒಬ್ಬಾಕೆ ಮುದುಕಿ ಅದರಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

ಕೆಲಸ ಅವತ್ತೇ ಹೋಯಿತು. ಈರಣ್ಣ ಬೈಯಲಿಲ್ಲ. “ಬುತ್ತಿಗಂಟು ಮರತಿ ನೋಡವಾ,” ಎಂದು ಕೈಗೆ ಕೊಟ್ಟು ಕಳಿಸಿದರು. ಮನೆಗೆ ಹೋದರೆ ಅವ್ವ ಮುಖ ತಿರುಗಿಸಿ ಒಲೆ ಊದತೊಡಗಿದಳು. ಆಯಿ ಮಾತ್ರ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು.

ಮರುದಿನ ಇಳಿಹೊತ್ತಿಗೆ ನಮ್ಮ ಓಣಿಯಲ್ಲಿ ಗುಜುಗುಜು ಎದ್ದಿತು. ಸಾಹುಕಾರರ ತಾಯಿ ಗೌರವ್ವ ನಡೆದುಕೊಂಡು ಬರುತ್ತಿದ್ದರು. ಅವರ ಮನೆಯ ಹೆಂಗಸರು ನಮ್ಮ ಓಣಿಗೆ ಕಾಲಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ತಾಟು, ತಾಟಿನಲ್ಲಿ ಅರಿಷಿಣ ಕುಂಕುಮ, ಎಲೆ ಅಡಿಕೆ, ಹಸಿರು ಖಣ. ಮೇಲೆ ವಸ್ತ್ರ ಮುಚ್ಚಿರಲಿಲ್ಲ. ಪೇಟೆಯ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬಂದಿದ್ದರು. ಅವ್ವ ಗಾಬರಿಯಾಗಿ ಚಾಪೆ ಹಾಸಿದಳು.

“ನೀಲವ್ವಕ್ಕ, ಕುಂಡ್ರಾಕ ಬಂದಿಲ್ಲ,” ಎಂದು ಗೌರವ್ವ ಆಯಿಗೆ ಹೇಳಿದರು. “ಮಾಘದಾಗ ನೀ ನಮ್ಮ ಬೀಗರನ್ನ ಹಾಡಿದಿ. ನಾವೆಲ್ಲಾ ನಕ್ಕಿವಿ. ನನ್ನ ಮಗಾನೂ ನಕ್ಕ. ಈಗ ನಿನ್ನ ಮಮ್ಮಗಳು ನಮ್ಮನ್ನ ಹಾಡ್ಯಾಳ. ನಮ್ಮ ಪಾಳಿ ಬಂದಾಗ ಸಿಟ್ಟ ಮಾಡಿದ್ರ ನಡೀತೈತೇನು? ಅವಂಗೂ ಅದನ್ನಽ ಅಂದೆ.” ಆಮೇಲೆ ನನ್ನ ಹಣೆಗೆ ಕುಂಕುಮ ಹಚ್ಚಿ, ಖಣ ಮಡಿಲಿಗೆ ಹಾಕಿ, ತುಸು ಬಾಗಿ ಕಿವಿಯ ಹತ್ತಿರ, “ಖರೇ ಹೇಳ್ತೀನವ್ವ, ಆ ಟಾಕಿ ನೀರು ನಮ್ಮ ಮನಿಗೂ ಬರಂಗಿಲ್ಲ. ಹಾಡು, ಬಿಡಬ್ಯಾಡ,” ಎಂದರು.

ತಾಯಿಯೇ ಊರೆದುರು ಖಣ ಕೊಟ್ಟು ಅದನ್ನು ಹಾಡು ಎಂದು ಒಪ್ಪಿಕೊಂಡ ಮೇಲೆ ಮಗ ಅದನ್ನು ಬೈಗುಳ ಎನ್ನುವುದು ಹೇಗೆ? ಸಾಹುಕಾರರು ನುಂಗಿಕೊಂಡರು. ನನ್ನ ಕೆಲಸವನ್ನೇನೂ ತಿರುಗಿ ಕೊಡಿಸಲಿಲ್ಲ, ಆಮೇಲೆ ಎಂದೂ ನನ್ನ ಮೋರೆ ನೋಡಲಿಲ್ಲ. ನಾನೂ ಅವರ ಬಾಗಿಲಿಗೆ ಹೋಗಲಿಲ್ಲ. ಮೌಲಾಸಾಬನ ಅಂಗಡಿಯಲ್ಲಿ ಮದುವೆಯ ವಿಡಿಯೋಗಳಿಗೆ ಹಾಡು ಜೋಡಿಸುವುದನ್ನು ಕಲಿತು ಹೊಟ್ಟೆ ಹೊರೆದೆ. ಕೇಬಲ್ಲಿನವನು ಎರಡು ವಾರ ತಲೆ ತಪ್ಪಿಸಿ, ಮೂರನೇ ವಾರ ತಾನೇ ಬಂದು ಕ್ಯಾಸೆಟ್ ಕೇಳಿದ. ಮಳೆ ಹಿಡಿದ ಮೇಲೆ ಒಂದು ದಿನ ಟಾಕಿಗೆ ನೀರೂ ಬಂತು. ಅರಿವೆ ಅದ್ದಿದರೆ ಅರಿವೆಗೇ ಬಣ್ಣ ಬರುವ ಕೆಸರು. ಊರವರು ನನ್ನ ಮೋರೆ ನೋಡಿದರು. “ಇದ್ರಾಗ ಮಾರಿ ತೊಳಕೊಂಡ್ರ ತಪ್ಪಾತು ಅನ್ನಾಕ ಮಾರೀನ ಉಳಿಯಂಗಿಲ್ಲ,” ಎಂದೆ. ಹೀಗಾಗಿ ಆ ಕರಾರು ಇಂದಿಗೂ ಹಾಗೇ ಉಳಿದಿದೆ. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೂ ಗಂಟಲು ಕೈಕೊಡುವತನಕ ದ್ಯಾಮಕ್ಕನ ದನಿ ನನ್ನದೇ ಇತ್ತು. ಆಮೇಲೆ ಕವಿತಾ ಹಿಡಿದಳು. ಕೈಯಾರೆ ಕೊಟ್ಟದ್ದು ನಾನೇ.

ಸೋಮವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಗದಗಿನ ನಿಲ್ದಾಣದಲ್ಲಿ ಯಾವುದೋ ಯಂತ್ರದ ದನಿ ಬಸ್ಸು ಕೂಗುತ್ತಿತ್ತು, ನನ್ನ ಕಾಲದ ಶುದ್ಧ ಕನ್ನಡವೇ ಅದಕ್ಕಿಂತ ಬಿಸಿ ಇತ್ತು. ಕವಿತಾಳ ಅಂಗಡಿಯಲ್ಲಿ ಗೋಡೆಯ ಮೇಲೆ ಗಾಜು ಹಾಕಿಸಿದ ಫಕ್ಕೀರಪ್ಪನ ಫೋಟೋ ಇದೆ. ಅದರ ಕೆಳಗೆ, ಕಸಬರಿಗೆ ಕಡ್ಡಿಗೆ ಅಂಟಿದ ರಟ್ಟಿನ ಮುದುಕಿ. ಕವಿತಾ ನನ್ನನ್ನು ಕಂಡು ಎದ್ದು ನಿಂತಳು, ಕಣ್ಣು ಬಾತಿದ್ದವು.

“ಬೈರಿ ಅತ್ತಿ, ಬೈಸ್ಕೋತೀನಿ. ಆದ್ರ ನಿಮ್ಮ ಕಾಲ ಬ್ಯಾರೆ ಇತ್ತು. ಆಗ ಒಬ್ಬಾಕಿ ಗೌರವ್ವ ಇದ್ರು. ಈಗ ಯಾರ ಬರ್ತಾರ ಖಣ ತಗೊಂಡು?” ಎಂದಳು.

ಚೀಲದಿಂದ ಖಣ ತೆಗೆದು ಅವಳ ಮಡಿಲಿಗೆ ಹಾಕಿದೆ. ಬೇವಿನೆಲೆ ಪುಡಿಪುಡಿಯಾಗಿ ಉದುರಿತು. “ಯಾರೂ ಬರಲಿಲ್ಲ, ಅದಕ್ಕ ನಾ ತಂದೀನಿ. ಹೊಲಸ್ಕೊ. ಕಲ್ಲಿನ ಮುಂದ ನಿಂತು ನೀ ಆಡಿದ ಮಾತು ನಾ ಎಂದೂ ಆಡಿದ್ದಿಲ್ಲ, ಅಷ್ಟು ಚಲೋ ಇತ್ತು. ಅದಕ್ಕ ಕೊಡೋದು ಇದು. ಕಡೀಕ ಕೈ ಮುಗದಿದ್ದಕ್ಕಲ್ಲ.”

ಅವಳು ಖಣವನ್ನು ಮೂಗಿಗೆ ಹಿಡಿದು ಕೂತಳು. ಅತ್ತಳೋ ಏನೋ. ಆಮೇಲೆ ಎದ್ದು ಮೈಕು ನನ್ನ ಕಡೆ ಸರಿಸಿದಳು. “ನೀವಽ ಹೇಳ್ರಿ ಅತ್ತಿ, ಈ ಸರ್ತೆ.”

“ನನ್ನ ಗಂಟಲು ಒಡದೈತಿ.”

“ದ್ಯಾಮಕ್ಕಗೂ ವಯಸ್ಸಾಗೈತಿ ಬಿಡ್ರಿ,” ಎಂದು ಕಣ್ಣೊರೆಸಿಕೊಂಡು ನಕ್ಕಳು. “ಇಲ್ಲಾಂದ್ರ ಇಬ್ಬರೂ ಕೂಡಿ ಹೇಳೂಣು.”

ಇಬ್ಬರೂ ಒಂದೇ ಮೈಕಿಗೆ ಬಾಗಿದೆವು. ಹಳೆಯ ದನಿ, ಹೊಸ ದನಿ, ಎರಡೂ ಬೆರೆತು ಬಂತು. ಈ ಭಾನುವಾರ ಊಟದ ಹೊತ್ತಿಗೆ ಎಲ್ಲರೂ ಕೇಳುತ್ತಾರೆ.

“ಏನ್ರಪಾ, ಹೋದ ವಾರ ನಾ ಕೈ ಮುಗದದ್ದು ನೋಡಿ ಖುಷಿ ಆತೇನು? ಅದು ಬೀಗ ತಗೀರಿ ಅಂತ ಮುಗದದ್ದು. ತಗೀರಿ. ತಗದ ದಿನ ಒಳಗ ಹೋಗಿ ಬಂದು, ಕೈ ತೊಳಕೊಂಡು, ತಪ್ಪಾತು ಅಂತೀನಿ. ಕೈ ತೊಳ್ಯಾಕ ನೀರ ಇಟ್ಟಿರ್ರಿ ಮತ್ತ. ತಿಳಿ ನೀರು.”